ವೀಡಿಯೊ ಪ್ಲೇಯರ್‌ಗೆ ಓಪನ್‌ಜಿಎಲ್ ಔಟ್‌ಪುಟ್ ಬ್ಯಾಕೆಂಡ್ ಸೇರಿಸುವ ಕ್ರಮ

ಡಿಕೋಡರ್ (ಸಂಕುಚಿತ ವೀಡಿಯೊವನ್ನು ಬಿಡಿಸುವ ಭಾಗ) ಕೊಟ್ಟ ಫ್ರೇಮನ್ನು ಆರ್‌ಜಿಬಿ ಬಣ್ಣಕ್ಕೆ ತಿರುಗಿಸಿ, ವಿಂಡೋದ ಅಳತೆಗೆ ಹಿಗ್ಗಿಸುವ ಕೆಲಸವನ್ನು ಸಿಪಿಯುವಿನಿಂದ ಬಿಡಿಸಿ, ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಇಂಟರ್‌ಫೇಸಿನ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವುದೇ ಹೊಸ ಬ್ಯಾಕೆಂಡಿನ (ಚಿತ್ರವನ್ನು ಪರದೆಗೆ ತಲುಪಿಸುವ ಭಾಗದ) ಉದ್ದೇಶ. ವಲ್ಕನ್ ಎಂಬ ಇನ್ನೊಂದು ಗ್ರಾಫಿಕ್ಸ್ ಇಂಟರ್‌ಫೇಸ್ ಬಳಸುವವರಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಬರೆಯಬೇಕಾದ ಕೋಡ್ ಮಾತ್ರ ಬಹಳ ಹೆಚ್ಚು.

ಮೊದಲು ಪ್ಲೇಯರ್‌ನಲ್ಲಿ ಈಗಾಗಲೇ ಇರುವ ಒಂದು ಔಟ್‌ಪುಟ್ ಬ್ಯಾಕೆಂಡನ್ನು ಪೂರ್ತಿಯಾಗಿ ಓದಿ. ಸಾಮಾನ್ಯವಾಗಿ ಅದು ಕೆಲವೇ ಫಂಕ್ಷನ್‌ಗಳ ಗುಂಪು: ಆರಂಭಿಸುವುದು, ಸ್ವೀಕರಿಸಬಲ್ಲ ಪಿಕ್ಸೆಲ್ ಫಾರ್ಮ್ಯಾಟ್‌ಗಳನ್ನು ತಿಳಿಸುವುದು, ವೀಡಿಯೊದ ಅಳತೆ ಬದಲಾದಾಗ ಮರುಹೊಂದಿಸಿಕೊಳ್ಳುವುದು, ಫ್ರೇಮ್ ರಚಿಸುವುದು, ಅದನ್ನು ಪರದೆಗೆ ತರುವುದು, ಕೊನೆಗೆ ಮುಚ್ಚುವುದು. ಎಂಪಿವಿ ಪ್ಲೇಯರ್‌ನಲ್ಲಿ ಫ್ರೇಮ್ ರಚಿಸುವ ಫಂಕ್ಷನ್ ಮತ್ತು ಪರದೆಗೆ ತರುವ ಫಂಕ್ಷನ್ ಬೇರೆಬೇರೆಯಾಗಿವೆ. ಚಿತ್ರವನ್ನು ಮುಂಚಿತವಾಗಿ ಸಿದ್ಧಪಡಿಸಿಟ್ಟು, ಧ್ವನಿಯೊಂದಿಗೆ ಹೊಂದುವ ಕ್ಷಣಕ್ಕೆ ಸರಿಯಾಗಿ ತೋರಿಸಲು ಅನುಕೂಲವಾಗುವುದರಿಂದ ಈ ವಿಂಗಡಣೆಯನ್ನು ನೀವೂ ಅನುಸರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಓಪನ್‌ಜಿಎಲ್ ಕಾಂಟೆಕ್ಸ್ಟ್ (ಓಪನ್‌ಜಿಎಲ್‌ನ ಸ್ಥಿತಿಯನ್ನೆಲ್ಲ ಹಿಡಿದಿಡುವ ಆವರಣ) ಒಂದು ಸಮಯಕ್ಕೆ ಒಂದೇ ಥ್ರೆಡ್ಡಿನಲ್ಲಿ ಸಕ್ರಿಯವಾಗಿರಬಲ್ಲದು. ಆದ್ದರಿಂದ ಈ ಫಂಕ್ಷನ್‌ಗಳೆಲ್ಲ ಒಂದೇ ಥ್ರೆಡ್ಡಿನಿಂದ ಕರೆಯಲ್ಪಡುತ್ತವೆಯೇ ಎಂಬುದನ್ನು ಆರಂಭದಲ್ಲೇ ಖಚಿತಪಡಿಸಿಕೊಳ್ಳಿ.

ಮುಂದಿನದು ಫ್ರೇಮನ್ನು ಕಾರ್ಡಿಗೆ ಸಾಗಿಸುವ ಕೆಲಸ. 1920×1080 ಅಳತೆಯ, 8 ಬಿಟ್‌ನ 4:2:0 (ಬಣ್ಣದ ಪದರಗಳ ಅಗಲ, ಎತ್ತರ ಎರಡೂ ಅರ್ಧವಿರುವ) ಫ್ರೇಮಿನಲ್ಲಿ ಬೆಳಕಿನ ಪದರಕ್ಕೆ 20,73,600 ಬೈಟ್‌ಗಳೂ, ಯು, ವಿ ಎಂಬ ಎರಡು ಬಣ್ಣದ ಪದರಗಳಿಗೆ ತಲಾ 5,18,400 ಬೈಟ್‌ಗಳೂ ಸೇರಿ ಒಟ್ಟು 31,10,400 ಬೈಟ್‌ಗಳಿರುತ್ತವೆ. ಅದನ್ನೇ ಪಿಕ್ಸೆಲ್‌ಗೆ 4 ಬೈಟ್‌ನ ಆರ್‌ಜಿಬಿಗೆ ತಿರುಗಿಸಿ ಕಳುಹಿಸಿದರೆ 82,94,400 ಬೈಟ್‌ಗಳಾಗುತ್ತವೆ. ಹಾಗಾಗಿ ಮೂರೂ ಪದರಗಳನ್ನು ಇದ್ದ ಹಾಗೆಯೇ ಮೂರು ಒಂಟಿ ಚಾನೆಲ್ ಟೆಕ್ಸ್ಚರ್‌ಗಳಿಗೆ (ಕಾರ್ಡಿನ ಮೆಮೊರಿಯಲ್ಲಿರುವ ಚಿತ್ರಗಳಿಗೆ) ತುಂಬಬೇಕು. ಟೆಕ್ಸ್ಚರ್‌ಗಳನ್ನು ಅಳತೆ ಬದಲಾದಾಗ ಮಾತ್ರ ಹೊಸದಾಗಿ ಸೃಷ್ಟಿಸಿ, ಪ್ರತಿ ಫ್ರೇಮಿಗೂ ಒಳಗಿನ ಮಾಹಿತಿಯನ್ನಷ್ಟೇ ಬದಲಾಯಿಸಿ. ಡಿಕೋಡರ್ ನೀಡುವ ಸಾಲಿನ ಉದ್ದ ಚಿತ್ರದ ಅಗಲಕ್ಕಿಂತ ಹೆಚ್ಚಿರಬಹುದು ಎಂಬುದನ್ನು ಮರೆಯಬೇಡಿ. ಚಿತ್ರ ಓರೆಯಾಗಿ ಜಾರಿದಂತೆ ಕಂಡರೆ ಬಹುಮಟ್ಟಿಗೆ ತಪ್ಪು ಇಲ್ಲೇ ಇರುತ್ತದೆ. ಓಪನ್‌ಜಿಎಲ್‌ಗೆ ಸಾಲಿನ ಉದ್ದವನ್ನು ಬೈಟ್‌ಗಳಲ್ಲಿ ಅಲ್ಲ, ಪಿಕ್ಸೆಲ್‌ಗಳಲ್ಲಿ ತಿಳಿಸಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಬಣ್ಣದ ಪರಿವರ್ತನೆಯಲ್ಲಿ, ಏಕೆಂದರೆ ಇಲ್ಲಿನ ತಪ್ಪು ಪ್ರೋಗ್ರಾಮನ್ನು ನಿಲ್ಲಿಸುವುದಿಲ್ಲ, ಚಿತ್ರವನ್ನು ಸ್ವಲ್ಪವೇ ಕೆಡಿಸಿ ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತದೆ. ಸೀಮಿತ ವ್ಯಾಪ್ತಿಯ ವೀಡಿಯೊದಲ್ಲಿ 16 ಎಂದರೆ ಕಪ್ಪು, 235 ಎಂದರೆ ಬಿಳಿ. ಶೇಡರ್ (ಕಾರ್ಡಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಇದನ್ನು ಪೂರ್ತಿ ವ್ಯಾಪ್ತಿಗೆ ಹಿಗ್ಗಿಸದಿದ್ದರೆ ಕಪ್ಪು ಬೂದು ಬಣ್ಣವಾಗಿ ಕಾಣುತ್ತದೆ. ಬಣ್ಣದ ಪದರಗಳ ಮಧ್ಯಬಿಂದು 128, ಅಂದರೆ ಶೇಡರ್‌ನಲ್ಲಿ ಕಳೆಯಬೇಕಾದದ್ದು 0.5 ಅಲ್ಲ, 128/255. ಇದಾದ ಮೇಲೆ ಕೆಂಪನ್ನು ಪಡೆಯಲು ಬೆಳಕಿಗೆ ಸೇರಿಸುವ ವಿ ಪದರದ ಗುಣಕ ಬಿಟಿ.709 ಎಂಬ ಬಣ್ಣದ ಮಾನದಂಡದಲ್ಲಿ 1.5748, ಹಳೆಯ ಬಿಟಿ.601ರಲ್ಲಿ 1.402. ಯಾವುದನ್ನು ಬಳಸಬೇಕೆಂಬುದನ್ನು ಫ್ರೇಮಿನ ಜೊತೆ ಬರುವ ಮಾಹಿತಿಯಿಂದಲೇ ನಿರ್ಧರಿಸಿ. ಅಂತಹ ಮಾಹಿತಿ ಇಲ್ಲದಿದ್ದರೆ ಮಾತ್ರ ಚಿತ್ರದ ಅಳತೆಯಿಂದ ಊಹಿಸಿ. ಹಳೆಯ ಬ್ಯಾಕೆಂಡಿನಲ್ಲಿಯೂ ಹೊಸದರಲ್ಲಿಯೂ ಒಂದೇ ಫ್ರೇಮನ್ನು ಹಿಗ್ಗಿಸದೆ ಚಿತ್ರವಾಗಿ ಉಳಿಸಿ, ಪಿಕ್ಸೆಲ್‌ಗಳನ್ನು ಹೋಲಿಸಿ ನೋಡಿ. ಬಣ್ಣದ ಅಂಚುಗಳಲ್ಲಿ ವ್ಯತ್ಯಾಸ ಕಂಡರೆ ಬಣ್ಣದ ಪದರವನ್ನು ಹಿಗ್ಗಿಸುವ ವಿಧಾನ ಎರಡರಲ್ಲಿ ಬೇರೆ ಇದೆಯೇ ಎಂದು ಮೊದಲು ಪರೀಕ್ಷಿಸಿ. ಸಮತಟ್ಟಾದ ಬಣ್ಣದ ಭಾಗಗಳಲ್ಲಿಯೂ ಒಂದೆರಡು ಅಂಕೆಗಳಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಮುಂದುವರಿಯಬೇಡಿ.

ಪರದೆಗೆ ತರುವಾಗ ಬಫರ್ ಬದಲಾವಣೆಯನ್ನು (ತೋರಿಸುತ್ತಿರುವ ಚಿತ್ರದ ಜಾಗಕ್ಕೆ ಸಿದ್ಧವಾದ ಚಿತ್ರವನ್ನು ತರುವುದನ್ನು) ಪರದೆಯ ರಿಫ್ರೆಶ್‌ಗೆ ಹೊಂದಿಸಿದರೆ ಚಿತ್ರ ಅಡ್ಡಲಾಗಿ ಹರಿದಂತೆ ಕಾಣುವುದು ತಪ್ಪುತ್ತದೆ.

ಹಾರ್ಡ್‌ವೇರ್ ಡಿಕೋಡರ್‌ನ ಫ್ರೇಮನ್ನು ಸಿಪಿಯು ಮೆಮೊರಿಗೆ ತರದೆ ನೇರವಾಗಿ ಟೆಕ್ಸ್ಚರ್ ಆಗಿ ಬಳಸುವ ದಾರಿಯೂ ಇದೆ. ಆದರೆ ಮೇಲಿನದೆಲ್ಲ ಸರಿಯಾದ ಬಳಿಕವೇ ಅದಕ್ಕೆ ಕೈಹಾಕಿ. ಕಾಂಟೆಕ್ಸ್ಟ್ ಸಿಗದಿದ್ದಾಗ ಆರಂಭಿಸುವ ಫಂಕ್ಷನ್ ವಿಫಲವೆಂದು ತಿಳಿಸಿ, ಪ್ಲೇಯರ್ ಹಳೆಯ ಬ್ಯಾಕೆಂಡಿಗೆ ಮರಳುವಂತೆ ಮಾಡಬೇಕು. ರೆಂಡರರ್ ಹೆಸರಿನಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಕಂಡಾಗಲೂ ಹಾಗೆಯೇ ಮಾಡಿ, ಏಕೆಂದರೆ ಅಲ್ಲಿ ಓಪನ್‌ಜಿಎಲ್ ಕೆಲಸವನ್ನು ಮಾಡುತ್ತಿರುವುದು ಸಿಪಿಯುವೇ.