ಚೌಪಾಟಿಗೆ ಹೊರಡುವ ಮುನ್ನ ತಿಥಿ ನೋಡಿ

ಮುಂಬೈಯಲ್ಲಿ ಎರಡರಿಂದ ಆರು ವರ್ಷದ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುವ ಹೆಚ್ಚಿನವರು ರಜೆ ಯಾವತ್ತು ಅಂತ ಮೊದಲು ನೋಡುತ್ತಾರೆ. ನಾನು ನೋಡುವುದು ತಿಥಿ. ಇಲ್ಲಿನ ಸಮುದ್ರ ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿದ ನೀರಿಗೂ ಇಳಿದ ನೀರಿಗೂ ನಾಲ್ಕು ಮೀಟರ್ ಅಂತರ ಬರುವುದುಂಟು. ಜುಹೂವಿನ ಒಂದೇ ಜಾಗ ಇಳಿತದಲ್ಲಿ ಗಟ್ಟಿ ಮರಳಿನ ದೊಡ್ಡ ಅಂಗಳ. ಆರು ಗಂಟೆ ತಡವಾಗಿ ಹೋದರೆ ಜನ, ಗಾಡಿ, ಅಲೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಒತ್ತಿಕೊಂಡಿರುತ್ತವೆ, ಮಗುವಿನ ಕೈ ಬಿಡುವಂತೆಯೇ ಇಲ್ಲ. ಹೊತ್ತೊಂದು ಸರಿ ಹೊಂದಿದರೆ ಮಿಕ್ಕದ್ದೆಲ್ಲ ಸಲೀಸು.

ಲೆಕ್ಕಕ್ಕೆ ಮೊಬೈಲೂ ಬೇಡ, ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ಕೊಂಕಣ ತೀರದವರ ಹಳೆಯ ಸೂತ್ರವಿದು: ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ, ಬಂದದ್ದು ಭರತಿಯ, ಅಂದರೆ ಉಬ್ಬರದ ಗಂಟೆ. ಶುಕ್ಲವೋ ಕೃಷ್ಣವೋ, ಲೆಕ್ಕ ಒಂದೇ. ಚೌತಿಗೆ ನಾಲ್ಕರ ಮುಕ್ಕಾಲು ಪಾಲು ಮೂರು, ಅಂದರೆ ಹಗಲು ಮೂರಕ್ಕೂ ರಾತ್ರಿ ಮೂರಕ್ಕೂ ನೀರು ತುಂಬಿರುತ್ತದೆ. ಅದರಿಂದ ಆರು ಗಂಟೆ ಹಿಂದೆ ಮುಂದೆ ಹೋದರೆ ಓಹೋಟಿ, ನಮ್ಮ ಮಾತಿನ ಇಳಿತ, ಬೆಳಿಗ್ಗೆ ಮತ್ತು ರಾತ್ರಿ ಒಂಬತ್ತರ ಸುಮಾರಿಗೆ. ಅರ್ಧ ಗಂಟೆಯಿಂದ ಒಂದು ಗಂಟೆ ಹೆಚ್ಚುಕಡಿಮೆ ಆಗುತ್ತದೆ, ಆದ್ದರಿಂದ ದಿನ ಗೊತ್ತುಮಾಡಲು ಈ ಲೆಕ್ಕ ಸಾಕು, ಹೊರಡುವ ಹಿಂದಿನ ರಾತ್ರಿ ಮಾತ್ರ ಟೈಡ್ ಟೇಬಲ್‌ನಲ್ಲಿ (ಏರಿಳಿತದ ವೇಳಾಪಟ್ಟಿ) ನಿಮಿಷ ನೋಡಿಕೊಳ್ಳಬೇಕು.

ಇದನ್ನು ತಿಂಗಳಿಗೆ ಹರಡಿ ನೋಡಿದರೆ ಮಕ್ಕಳ ದಿನಗಳು ತಾವಾಗಿಯೇ ಎದ್ದು ಕಾಣುತ್ತವೆ. ಪಾಡ್ಯದಿಂದ ಪಂಚಮಿಯವರೆಗೆ ಇಳಿತ ಬೆಳಗಿನ ಏಳರಿಂದ ಹತ್ತರೊಳಗೆ ಬೀಳುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಬೆನ್ನಿಗೇ ಬರುವ ದಿನಗಳಾದ್ದರಿಂದ ನೀರು ದೂರಕ್ಕೂ ಸರಿಯುತ್ತದೆ. ನನ್ನ ಲೆಕ್ಕದಲ್ಲಿ ಬಿದಿಗೆ, ತದಿಗೆಗಳೇ ಎಲ್ಲಕ್ಕಿಂತ ಒಳ್ಳೆಯವು. ತ್ರಯೋದಶಿಯಿಂದ ಹುಣ್ಣಿಮೆಯವರೆಗೆ ಸಂಜೆ ನಾಲ್ಕರಿಂದ ಆರರೊಳಗಿನ ಇಳಿತ, ತಡವಾಗಿ ಏಳುವ ಮನೆಗಳಿಗೆ ಇದು ಒಗ್ಗುತ್ತದೆ. ಅಷ್ಟಮಿಯಿಂದ ಏಕಾದಶಿವರೆಗೆ ಇಳಿತ ಸುಡುಬಿಸಿಲಿಗೆ ಬೀಳುತ್ತದೆ, ಅದರಲ್ಲೂ ಅಷ್ಟಮಿ ನವಮಿಗೆ ನೀರು ಸರಿಯುವುದೂ ಕಡಿಮೆ. ಆ ವಾರ ಪಾರ್ಕಿಗೆ ಹೋಗಿ.

ಇಳಿತಕ್ಕೆ ಒಂದು ಗಂಟೆ ಮೊದಲು ಮರಳಿಗೆ ಕಾಲಿಡಬೇಕು, ಇಳಿತ ಮುಗಿದು ಒಂದು ಗಂಟೆಗೆ ಚೀಲ ಕಟ್ಟಬೇಕು. ಈ ಎರಡು ಗಂಟೆಗೆ ಕಾರಣವಿದೆ. ತಿರುಗಿದ ನೀರು ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಏರುತ್ತದೆ, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು. ‘ಇನ್ನೂ ದೂರ ಇದೆಯಲ್ಲ’ ಅನಿಸುವ ಹೊತ್ತೇ ಏಳಬೇಕಾದ ಹೊತ್ತು. ಸಪಾಟು ದಂಡೆಯಲ್ಲಿ ಇನ್ನೊಂದು ಮೋಸವಿದೆ: ಮರಳಿನ ದಿಬ್ಬದ ಹಿಂದೆ, ದಡದ ಕಡೆಗೆ, ಸಣ್ಣ ತಗ್ಗುಗಳಿರುತ್ತವೆ. ನೀರು ಎದುರಿಂದ ಬರುವ ಮೊದಲೇ ಅಲ್ಲಿ ತುಂಬಿಕೊಳ್ಳುತ್ತದೆ. ಬರುವಾಗ ದಾಟಿದ ಪಾದ ಮುಳುಗುವಷ್ಟು ನೀರು ಹಿಂದಿರುಗುವಾಗ ಮಗುವಿನ ಸೊಂಟಕ್ಕೆ ಬಂದಿರಬಹುದು. ಅದಕ್ಕೇ ಕೂರುವ ಜಾಗ ಯಾವಾಗಲೂ ಆ ತಗ್ಗಿನ ದಡದ ಬದಿಗೇ ಇರಲಿ.

ಜಾಗದ ಮಾತಿಗೆ ಬಂದರೆ, ಡೊಂಬಿವಲಿ, ಠಾಣೆ ಕಡೆಯವರಿಗೆ ಗಿರ್ಗಾಂವ್ ಚೌಪಾಟಿ ಸುಲಭ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಗಾಡಿ ಹಿಡಿದರೆ ಚರ್ನಿ ರೋಡ್, ಅಲ್ಲಿಂದ ಪಾದಚಾರಿ ಸೇತುವೆ. 2023ರ ಡಿಸೆಂಬರಿನಿಂದ ದಾದರ್‌ನ ಸೆಂಟ್ರಲ್ ಪ್ಲಾಟ್‌ಫಾರಂಗಳಿಗೆ 8ರಿಂದ 14ರವರೆಗಿನ ನಂಬರ್, ಹಾಗಾಗಿ 1ರಿಂದ 7 ಅಂದರೆ ವೆಸ್ಟರ್ನ್ ಎಂದೇ ಅರ್ಥ. ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಐದರಿಂದ ಹನ್ನೆರಡಕ್ಕೆ ಅರ್ಧ. ಭಾನುವಾರವಾದರೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದು) ಯಾವ ಲೈನಿಗೆ ಅಂತ ಶನಿವಾರವೇ ನೋಡಿ. ಸ್ಟ್ರಾಲರ್ ತರಲೇಬೇಡಿ: ಲೋಕಲ್‌ಗೆ ಹತ್ತಿಸಲಾಗದು, ಮರಳಿನಲ್ಲಿ ಉರುಳದು. ಆಕ್ಸಾ ಬೀಚ್ ನೋಡಲು ಚೆಂದ, ಆದರೆ ಅಲ್ಲಿನ ಮರಳು ಮತ್ತು ಸೆಳೆತ ದೊಡ್ಡವರನ್ನೇ ಎಳೆದುಕೊಂಡಿವೆ. ಮಕ್ಕಳೊಂದಿಗೆ ಅಲ್ಲಿಗೆ ಹೋಗುವುದು ಬೇಡವೇ ಬೇಡ.

ಬಟ್ಟೆ ಕಿತ್ತಳೆಯೋ ಗಿಣಿಹಸಿರೋ ಇರಲಿ. ಮುಂಬೈಯ ಕಂದು ನೀರಿನಲ್ಲಿ ನೀಲಿ, ಬೂದು ಬಣ್ಣ ಕಾಣುವುದೇ ಇಲ್ಲ. ತೋಳಿನ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿದರೆ ಬೆವರಿಗೆ ಅಳಿಸದು. ಕಾಲಿಗೆ ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಮರಳಿನಡಿ ಗಾಜಿನ ಚೂರು, ತೆಂಗಿನ ಕರಟ, ದೇವರ ಫೋಟೋದ ಚೌಕಟ್ಟಿನ ಮೊಳೆ ಎಲ್ಲವೂ ಇರುತ್ತವೆ. ಗಣಪತಿ ವಿಸರ್ಜನೆ ಕಳೆದ ಮೇಲೆ ಹದಿನೈದು ದಿನ ಆ ಕಡೆ ಹೋಗದಿರುವುದೇ ಮೇಲು. ಸಾಮಾನ್ಯ ಡೈಪರ್ ನೀರು ಕುಡಿದು ಇಡ್ಲಿಹಿಟ್ಟಿನಂತೆ ಉಬ್ಬುತ್ತದೆ, ನೀರಿನ ಆಟಕ್ಕೆ ಬಿಚ್ಚಿ ಬರೀ ಚಡ್ಡಿ ಹಾಕಿ.

ಮರಳಲ್ಲಿ ಏನಾಡಿಸುವುದು ಎಂಬ ಚಿಂತೆ ಬೇಡ. ನೀರು ಸರಿದ ಅರ್ಧ ಗಂಟೆಗೆ ಜುಹೂವಿನ ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆಗಳ ರಂಗೋಲಿ ಮೂಡತೊಡಗುತ್ತದೆ. ಉಗುರಿನಷ್ಟೂ ಇಲ್ಲದ ಏಡಿ ಬಿಲದಿಂದ ಹೊರಬಂದು, ಮರಳನ್ನು ಬಾಯಿಗಿಟ್ಟು, ಅದರಲ್ಲಿನ ತಿನ್ನುವ ಕಣಗಳನ್ನಷ್ಟೇ ಸೋಸಿಕೊಂಡು, ಮಿಕ್ಕದ್ದನ್ನು ಉಂಡೆ ಮಾಡಿ ಹಿಂದಕ್ಕೆ ಹಾಕುತ್ತದೆ. ಸಾಲುಗಳು ಬಿಲದಿಂದ ಕಡ್ಡಿಗಳ ಹಾಗೆ ಸುತ್ತಲೂ ಹರಡಿಕೊಳ್ಳುತ್ತವೆ. ನೆರಳು ಬಿದ್ದರೆ ಏಡಿ ಒಳಗೆ. ಬಿಸಿಲು ಬರುವ ಕಡೆಗೆ ಮುಖ ಮಾಡಿ, ಐದಾರು ಅಡಿ ದೂರ ಕುಕ್ಕರುಗಾಲಲ್ಲಿ ಅಲುಗಾಡದೆ ಕೂತರೆ ಎರಡು ಮೂರು ನಿಮಿಷದಲ್ಲಿ ಮತ್ತೆ ಹೊರಬರುತ್ತದೆ. ನಾಲ್ಕು ವರ್ಷದ ಮಗು ಇಷ್ಟಕ್ಕೆ ಉಸಿರು ಬಿಗಿಹಿಡಿದು ಕೂರುತ್ತದೆ, ಕಾರ್ಟೂನಿಗೂ ಕೂರದಷ್ಟು ಹೊತ್ತು. ಹರಿದ ರಬ್ಬರ್ ಕಾಲರಿನಂಥದ್ದೇನಾದರೂ ಕಂಡರೆ ಕಸವೆಂದು ಎಸೆಯಬೇಡಿ, ಅದು ಒಂದು ಜಾತಿಯ ಬಸವನಹುಳು ಮರಳು ಬೆರೆಸಿ ಕಟ್ಟಿದ ಮೊಟ್ಟೆಗಳ ಪಟ್ಟಿ. ಖಾಲಿ ಚಿಪ್ಪು ಮುಟ್ಟಬಹುದು. ಐಸ್‌ಕ್ರೀಂ ಕೋನಿನ ಆಕಾರದ ಚಿಪ್ಪನ್ನು ಮಾತ್ರ ಖಾಲಿ ಕಂಡರೂ ಎತ್ತಕೂಡದು, ಒಳಗೆ ಜೀವವಿದ್ದರೆ ವಿಷದ ಮುಳ್ಳು ಚುಚ್ಚುತ್ತದೆ.

ಮಳೆಗಾಲದಲ್ಲಿ ನೀರಿಗಿಳಿಸುವುದಿಲ್ಲ. ಅಲೆಯದೊಂದೇ ಕಾರಣವಲ್ಲ. ಜುಲೈ, ಆಗಸ್ಟ್‌ನಲ್ಲಿ ಬ್ಲೂ ಬಾಟಲ್ ಎಂಬ ನೀಲಿ ಬಲೂನಿನಂಥ ಜೀವಿಗಳು ದಡಕ್ಕೆ ಬಂದು ಬೀಳುತ್ತವೆ, ಮಕ್ಕಳ ಕೈ ಮೊದಲು ಹೋಗುವುದೇ ಅದಕ್ಕೆ. ಸತ್ತಿದ್ದರೂ ಅದರ ಎಳೆ ಚುಚ್ಚುತ್ತದೆ. ಚುಚ್ಚಿದರೆ ಎಳೆಯನ್ನು ಹಳೆಯ ಕಾರ್ಡಿನಿಂದ ಎತ್ತಿ ತೆಗೆದು, ಸಮುದ್ರದ ನೀರಿನಿಂದಲೇ ತೊಳೆದು, ಆಮೇಲೆ ಮಗು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಬಿಸಿಯನ್ನು ಮೊದಲು ದೊಡ್ಡವರ ಕೈಯಲ್ಲಿ ನೋಡಿ, 45 ಡಿಗ್ರಿ ದಾಟಬಾರದು. ಮರಳಿನಿಂದ ಉಜ್ಜುವುದು, ನಿಂಬೆ ಹಿಂಡುವುದು ಎರಡೂ ಬೇಡ. ಉಸಿರಾಟ ಕಷ್ಟವಾದರೆ ಅಥವಾ ಮುಖ ಊದಿದರೆ ನೇರ ಆಸ್ಪತ್ರೆಗೆ. ಹಾಲಿನ ಪುಡಿಗೆಂದು ಒಯ್ಯುವ ಬಿಸಿನೀರಿನ ಫ್ಲಾಸ್ಕ್ ಇದಕ್ಕೂ ಆಗುತ್ತದೆ. ಕೊಳಚೆಯ ನಾಲಾ ಬಂದು ಸೇರುವ ಜಾಗದಿಂದ ಮಾತ್ರ ವರ್ಷವಿಡೀ ದೂರ.

ತಿಂಡಿಗೆ ಚಟ್ನಿಪುಡಿ ಕಲಸಿದ ಸಣ್ಣ ಇಡ್ಲಿಗಿಂತ ಒಳ್ಳೆಯದು ಬೇರೆ ಸಿಕ್ಕಿಲ್ಲ. ತುಪ್ಪದ ಬದಲು ಎಣ್ಣೆ ಹಾಕಿ, ತಣ್ಣಗಾದರೆ ತುಪ್ಪ ಗಟ್ಟಿಯಾಗುತ್ತದೆ. ಮಗುವಿನ ಕೈಗೆ ಡಬ್ಬಿ ಕೊಟ್ಟರೆ ಇಡ್ಲಿಗೆ ಮರಳು ಮೆತ್ತುವುದು ಖಚಿತ, ಒಬ್ಬರು ಕೈ ಒಣಗಿಸಿಕೊಂಡು ತಿನ್ನಿಸಲಿ, ಇನ್ನೊಬ್ಬರು ನೀರು ಕುಡಿಸಲಿ.

ಹೊರಡುವಾಗ ಮರಳು ತೆಗೆಯುವುದೇ ದೊಡ್ಡ ಕೆಲಸ. ಎರಡು ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ ಆರೇಳು ತೂತು ಮಾಡಿದರೆ ಷವರ್ ಸಿದ್ಧ, ಎರಡು ಮಕ್ಕಳ ಕಾಲಿಗೆ ಅಷ್ಟು ಸಾಕು. ತೊಡೆಸಂದಿಗೆ ನೀರು ಬೇಡ. ಒದ್ದೆ ಮರಳಿನ ಮೇಲೆ ಒಂದು ಚಮಚ ಕಾರ್ನ್‌ಫ್ಲೋರ್ ಹಚ್ಚಿ ಒಣ ಬಟ್ಟೆಯಿಂದ ಒರೆಸಿ. ಹಿಟ್ಟು ತೇವ ಹೀರಿಕೊಳ್ಳುವುದರಿಂದ ಚರ್ಮ ಕೆಂಪಾಗದೆ ಮರಳು ಉದುರುತ್ತದೆ. ಟಾಲ್ಕಂ ಪೌಡರ್ ಬೇಡ, ಗಾಳಿಗೆ ಹಾರಿ ಮಕ್ಕಳ ಉಸಿರಿಗೆ ಹೋಗುತ್ತದೆ. ಮನೆಗೆ ಬಂದೊಡನೆ ಒದ್ದೆ ಬಟ್ಟೆಯನ್ನು ಬಾತ್‌ರೂಮಿನಲ್ಲಿ ಹಿಂಡಿದರೆ ಮರಳು ಮೋರಿಯಲ್ಲಿ ಕೂರುತ್ತದೆ. ಅದರ ಬದಲು ಗ್ಯಾಲರಿಯ ಗ್ರಿಲ್ಲಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಹಳೆಯ ಪೇಪರಿನ ಮೇಲೆ ಕೊಡವಿ.