ಗಾಡಿಗೆ ಸೀಕ್ರೆಟ್ ಸ್ವಿಚ್ ಹಾಕೋದು: ಯಾವ ವೈರು, ಎಲ್ಲಿ, ಹೇಗೆ

ಕಳ್ಳನ ಕೈಲಿ ಕೀ ಇದ್ರೂ ಗಾಡಿ ಹೋಗ್ಬಾರ್ದು ಅಂದ್ರೆ ಒಂದು ಸಣ್ಣ ಸ್ವಿಚ್ ಸಾಕು, ಆದ್ರೆ ಅದು ಎಷ್ಟು ಕೆಲಸಕ್ಕೆ ಬರುತ್ತೆ ಅನ್ನೋದು ನೀವು ಯಾವ ವೈರ್ ಕಟ್ ಮಾಡ್ತೀರಿ ಅನ್ನೋದ್ರ ಮೇಲಿದೆ. ಸುಲಭ ಅಂತ ತುಂಬಾ ಜನ ಸ್ಟಾರ್ಟರ್ ವೈರಿಗೇ ಹಾಕ್ತಾರೆ. ಮ್ಯಾನುಯಲ್ ಗೇರ್ ಕಾರನ್ನ ಇಬ್ಬರು ತಳ್ಳಿ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ರೆ ಎಂಜಿನ್ ಹತ್ಕೊಳ್ಳುತ್ತೆ, ಆಗ ಸ್ವಿಚ್ ಇದ್ದೂ ಇಲ್ದಂಗೆ. ಪೆಟ್ರೋಲ್ ಇಂಜೆಕ್ಷನ್ ಕಾರಾದ್ರೆ ಫ್ಯುಯೆಲ್ ಪಂಪ್ ರಿಲೇಗೆ (ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡೋ, ಕರೆಂಟಿಂದಾನೇ ಆನ್-ಆಫ್ ಆಗೋ ಸ್ವಿಚ್ಚು) ಹಾಕೋದೇ ಒಳ್ಳೇದು ಅಂತ ನಾನು ಹೇಳ್ತೀನಿ.

ಸಾಮಾನ್ಯ ರಿಲೇಲಿ 30, 87 ಅಂತ ಬರೆದಿರೋ ಕಾಲುಗಳಲ್ಲಿ ಪಂಪಿನ ಕರೆಂಟ್ ಹರಿಯುತ್ತೆ, ಅದು ಹಲವು ಆಂಪ್ಸ್. 85, 86 ರಿಲೇನ ಆನ್ ಮಾಡೋ ಕಾಯಿಲ್‌ದು, ಅಲ್ಲಿ ಹೋಗೋದು ಹೆಚ್ಚುಕಮ್ಮಿ 0.2 ಆಂಪ್ಸ್ ಅಷ್ಟೇ. ಕಾಯಿಲ್ ಕಡೆ ಕಟ್ ಮಾಡಿದ್ರೆ ತೆಳು ವೈರು ಚಿಕ್ಕ ಸ್ವಿಚ್ಚು ಸಾಕು, ಬಿಸಿ ಆಗೋ ಭಯಾನೂ ಇಲ್ಲ.

ರಿಲೇ ಕಿತ್ತು, ಅದರ ಸಾಕೆಟ್‌ನಲ್ಲಿ 85, 86 ಜಾಗಕ್ಕೆ ಮಲ್ಟಿಮೀಟರ್ ಇಟ್ಟು ಯಾರಿಗಾದ್ರೂ ಇಗ್ನಿಷನ್ ಆನ್ ಮಾಡೋಕೆ ಹೇಳಿ. ಬಹಳಷ್ಟು ಗಾಡೀಲಿ ಒಂದೆರಡು ಸೆಕೆಂಡ್ ಮಾತ್ರ 12 ವೋಲ್ಟ್ ತೋರ್ಸಿ ಬಿದ್ದೋಗುತ್ತೆ, ಕೀ ತಿರುಗಿಸಿದಾಗ ಹಿಂದಿನ ಸೀಟಿನ ಕಡೆಯಿಂದ ಗುಂಯ್ ಅಂತ ಕೇಳ್ಸುತ್ತಲ್ಲ, ಅದೇ ಟೈಮು. ಆ ಎರಡು ವೈರಲ್ಲಿ ಒಂದು ಸಪ್ಲೈ, ಅದು ಬೇರೆ ರಿಲೇಗಳಿಗೂ ಹೋಗಿರಬಹುದು, ಹಂಗಾಗಿ ಅದನ್ನ ಮುಟ್ಬೇಡಿ, ಇಸಿಯುದಿಂದ (ಎಂಜಿನ್ನಿನ ಕಂಪ್ಯೂಟರ್) ಈ ರಿಲೇಗೆ ಮಾತ್ರ ಬರೋ ಕಂಟ್ರೋಲ್ ವೈರನ್ನ ವೈರಿಂಗ್ ಡಯಾಗ್ರಾಮ್ ನೋಡಿ ಗುರುತು ಮಾಡ್ಕೊಂಡು ಅದರ ಮಧ್ಯೆ ಸ್ವಿಚ್ ಹಾಕಿ. ಕೆಲವು ಗಾಡಿ ಇಸಿಯು ಕಾಯಿಲ್ ಕಟ್ ಆಗಿರೋದನ್ನ ಕಂಡುಹಿಡಿದು ಚೆಕ್ ಎಂಜಿನ್ ಲೈಟ್ ಹಾಕುತ್ತೆ, ಸ್ಕ್ಯಾನ್ ಮಾಡಿದ್ರೆ P0230 (ಫ್ಯುಯೆಲ್ ಪಂಪ್ ಸರ್ಕ್ಯೂಟ್ ದೋಷ) ಥರ ಕೋಡ್ ಬರಬಹುದು. ಹಂಗಾದ್ರೆ 87ರಿಂದ ಪಂಪಿಗೆ ಹೋಗೋ ದಪ್ಪ ವೈರಿನ ಮಧ್ಯೆ ಇನ್ನೊಂದು ರಿಲೇ ಹಾಕಿ ಅದರ ಕಾಯಿಲ್‌ನ ನಿಮ್ಮ ಸ್ವಿಚ್ಚಿಂದ ಓಡಿಸ್ಬೇಕು.

ಕಟ್ ಮಾಡೋ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ. ಹಳದಿ ಕನೆಕ್ಟರ್ ಇರೋದು ಏರ್‌ಬ್ಯಾಗ್ ವೈರಿಂಗು, ಅದರ ಹತ್ರ ಕೈ ಹಾಕ್ಬೇಡಿ. ಜಾಯಿಂಟ್ ತಿರುಚಿ ಟೇಪ್ ಸುತ್ತಿದ್ರೆ ಅಲುಗಾಟಕ್ಕೆ ಸಡಿಲ ಆಗುತ್ತೆ, ಸರಿಯಾಗಿ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಇಲ್ಲಿ ಸೋಮಾರಿತನ ಬೇಡ್ವೇ ಬೇಡ, ಯಾಕಂದ್ರೆ ಓಡ್ತಿರುವಾಗ ಜಾಯಿಂಟ್ ಬಿಟ್ರೆ ಎಂಜಿನ್ ನಿಲ್ಲುತ್ತೆ, ಸ್ಟೀರಿಂಗ್ ಗಟ್ಟಿ ಆಗುತ್ತೆ, ನಾಲ್ಕು ಸಲ ಒತ್ತೋದ್ರೊಳಗೆ ಬ್ರೇಕೂ ಕಲ್ಲಾಗುತ್ತೆ. ಹೊಸ ಕೆಂಪು ವೈರ್ ಎದ್ದು ಕಾಣುತ್ತೆ, ಕಪ್ಪು ವೈರ್ ತಗೊಂಡು ಹಳೇ ಹಾರ್ನೆಸ್ (ವೈರ್ ಕಟ್ಟು) ಜೊತೇನೇ ಬಟ್ಟೆ ಟೇಪ್ ಸುತ್ತಿ ಎಳೀರಿ, ತಗಡಿನ ತೂತು ದಾಟೋ ಕಡೆ ರಬ್ಬರ್ ಗ್ರೋಮೆಟ್ ಇರ್ಲಿ.

ಸ್ವಿಚ್ ಜಾಗ: ಸ್ಟೀರಿಂಗ್ ಕೆಳಗೆ ಬೇಡ, ಕಳ್ಳ ಮೊದ್ಲು ಕೈ ಆಡ್ಸೋದು ಅಲ್ಲೇ. ಸೀಟಲ್ಲಿ ಕೂತು ಬೆಲ್ಟ್ ಹಾಕ್ಕೊಂಡೇ ಕೈಗೆ ಸಿಗ್ಬೇಕು, ಆದ್ರೆ ಮೊಣಕಾಲು ಬ್ಯಾಗು ತಾಗ್ಬಾರ್ದು. ಡ್ಯಾಶ್‌ಬೋರ್ಡಲ್ಲಿ ಖಾಲಿ ಬಟನ್ ಜಾಗ ಇದ್ರೆ ಕಂಪನಿದೇ ಬಟನ್ ಥರದ್ದು ಹಾಕಿ, ಫಾಗ್ ಲ್ಯಾಂಪ್ ಸ್ವಿಚ್ ಅನ್ಕೊಂಡು ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಸ್ಪ್ರಿಂಗ್‌ನಲ್ಲಿ ವಾಪಸ್ ಬರೋ ಟೈಪ್ ಬೇಡ, ಹಾಕಿದ ಕಡೆನೇ ನಿಲ್ಲೋದು ತಗೊಳ್ಳಿ, ಅದರ ಮೇಲೆ 12 ವೋಲ್ಟ್ ಡಿಸಿ ರೇಟಿಂಗ್ ಇರ್ಬೇಕು.

ಕಾರ್ಬ್ಯುರೇಟರ್ ಇರೋ, ಸಿಡಿಐ (ಸ್ಪಾರ್ಕ್ ಕೊಡೋ ಎಲೆಕ್ಟ್ರಾನಿಕ್ ಬಾಕ್ಸ್) ಬೈಕಾದ್ರೆ ಲೆಕ್ಕ ಬೇರೆ, ಅಲ್ಲಿ ಎಷ್ಟೋ ಬೈಕಲ್ಲಿ ಎಂಜಿನ್ ಆಫ್ ಮಾಡೋ ಕಿಲ್ ವೈರನ್ನ ಗಾಡಿ ಫ್ರೇಮಿಗೆ ಅರ್ತ್ ಮಾಡಿದ್ರೆ ಸ್ಪಾರ್ಕ್ ನಿಲ್ಲುತ್ತೆ.

ಎಲ್ಲಾ ಆದ್ಮೇಲೆ ಸ್ವಿಚ್ ಆಫ್ ಮಾಡಿ ಸ್ಟಾರ್ಟ್ ಮಾಡಿ. ಪೈಪಲ್ಲಿ ಉಳಿದ ಪ್ರೆಶರಿಗೆ ಎಂಜಿನ್ ಹತ್ತಿ ಕೆಲವು ಸೆಕೆಂಡಲ್ಲಿ ಕೆಮ್ಮಿ ನಿಂತ್ರೆ ಸರಿಯಾಗಿದೆ. ಆಮೇಲೆ ಆನ್ ಮಾಡಿ ಟ್ರಾಫಿಕ್ ಇಲ್ಲದ ಗುಂಡಿ ರಸ್ತೇಲಿ ನಿಧಾನಕ್ಕೆ ಓಡಿಸಿ ನೋಡಿ, ಎಲ್ಲೂ ಮಿಸ್ ಆಗ್ಬಾರ್ದು. ಗಾಡಿ ಇನ್ನೂ ವಾರಂಟೀಲಿದ್ರೆ ವೈರ್ ಕಟ್ ಮಾಡೋ ಮುಂಚೆನೇ ಕೇಳ್ಕೊಳ್ಳಿ, ಸರ್ವಿಸಿಗೆ ಬಿಡುವಾಗ ಸ್ವಿಚ್ ಆನಲ್ಲೇ ಬಿಟ್ಟು ಹೋಗಿ, ಮನೇಲಿ ಗಾಡಿ ಓಡ್ಸೋರಿಗೆ ಮಾತ್ರ ಜಾಗ ತೋರ್ಸಿ.