ಲಂಡನ್ನಿಗೆ ಹೊಸದಾಗಿ ಬಂದವರಿಗೆ: ಒಳ್ಳೆಯ ಕಿಮ್ಚಿ, ಒಳ್ಳೆಯ ಕೊರಿಯನ್ ಊಟ ಸಿಗುವ ಜಾಗ

ಓದಿಗೋ ಕೆಲಸಕ್ಕೋ ಲಂಡನ್ನಿಗೆ ಬಂದಿಳಿದ ನಮ್ಮವರು ಮೊದಲ ವಾರಗಳಲ್ಲಿ ಕೇಳುವುದು ಸೋನಾ ಮಸೂರಿ, ಕರಿಬೇವು, ದೋಸೆ ಹಿಟ್ಟು ಎಲ್ಲಿ ಸಿಗುತ್ತೆ ಅಂತ. ಈಚೆಗೆ ಆ ಪಟ್ಟಿಗೆ ಕಿಮ್ಚಿಯೂ, ಅಂದರೆ ಎಲೆಕೋಸು ಮೂಲಂಗಿಗಳನ್ನು ಉಪ್ಪು ಖಾರ ಹಾಕಿ ಹುದುಗಿಸಿದ ಕೊರಿಯನ್ ಉಪ್ಪಿನಕಾಯಿಯೂ, ಸೇರಿದೆ. ಮನೆಯಲ್ಲಿ ಕೊರಿಯನ್ ಧಾರಾವಾಹಿ ನೋಡಿ ಬೆಳೆದ ಹುಡುಗ ಹುಡುಗಿಯರು, ಬೆಂಗಳೂರಿನಲ್ಲೇ ಒಂದೆರಡು ಕಡೆ ತಿಂದು ರುಚಿ ಹತ್ತಿಸಿಕೊಂಡವರು, ಇಲ್ಲಿ ಕೊರಿಯನ್ ಸಹಪಾಠಿಯ ಡಬ್ಬಿಯಿಂದ ತಿಂದು ನೋಡಿದವರು, ಎಲ್ಲರೂ ಕೇಳುತ್ತಾರೆ. ಬಹಳ ಜನ ಹತ್ತಿರದ ಸೂಪರ್‌ಮಾರ್ಕೆಟ್ಟಿನಿಂದ ಒಂದು ಗಾಜಿನ ಬಾಟಲಿ ತಂದು, ಬರೀ ಹುಳಿ ನೀರಿನಂತಿರುವ ಎಲೆಕೋಸು ತಿಂದು, ಕಿಮ್ಚಿ ಅಂದರೆ ಇಷ್ಟೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ನಿಜವಾದ ಕಿಮ್ಚಿ ಇದೇ ಊರಿನಲ್ಲಿ, ವಾಟರ್‌ಲೂನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿಯಲ್ಲಿದೆ.

ಆ ಜಾಗದ ಹೆಸರು ನ್ಯೂ ಮಾಲ್ಡನ್. ನೈಋತ್ಯ ಲಂಡನ್ನಿನ ಕಿಂಗ್‌ಸ್ಟನ್ ಬರೋದಲ್ಲಿ (ಆಡಳಿತ ವಿಭಾಗ), ಪ್ರಯಾಣದರದ ನಾಲ್ಕನೇ ಜೋನಿನಲ್ಲಿದೆ. 1970ರ ದಶಕದಿಂದಲೂ ಕೊರಿಯನ್ ಕುಟುಂಬಗಳು ಇಲ್ಲಿ ನೆಲೆಸುತ್ತ ಬಂದಿವೆ. ಉತ್ತರ ಕೊರಿಯಾ ಬಿಟ್ಟು ಬಂದವರ ಯುರೋಪಿನ ಅತಿ ದೊಡ್ಡ ಗುಂಪು ಇರುವುದೂ ಇಲ್ಲೇ. ಅಂಗಡಿ ಬೋರ್ಡು, ಔಷಧಿ ಅಂಗಡಿ, ಕ್ಷೌರದಂಗಡಿ, ಬಾಡಿಗೆ ಮನೆಯ ಏಜೆಂಟರ ಕಿಟಕಿ, ಎಲ್ಲೆಲ್ಲೂ ಕೊರಿಯನ್ ಲಿಪಿ ಕಾಣುತ್ತದೆ. ಸೆಂಟ್ರಲ್ ಲಂಡನ್ನಿನ ಸೋಹೋದಲ್ಲಿ, ಟಾಟನ್‌ಹ್ಯಾಮ್ ಕೋರ್ಟ್ ರೋಡಿನ ಸುತ್ತ ಕೊರಿಯನ್ ಹೋಟೆಲುಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಅವು ಊರು ನೋಡಲು ಬಂದವರಿಗೆ ಬಡಿಸುತ್ತವೆ. ನ್ಯೂ ಮಾಲ್ಡನ್‌ನಲ್ಲಿ ಅಡುಗೆಯವರೂ ಕೊರಿಯನ್ನರು, ಪಕ್ಕದ ಮೇಜಿನಲ್ಲಿ ಕೂತು ಉಪ್ಪು ಕಡಿಮೆಯಾಯಿತು ಅನ್ನುವವರೂ ಕೊರಿಯನ್ನರೇ. ರುಚಿ ಹದ ತಪ್ಪದಿರುವುದು ಅದಕ್ಕೇ.

ಹೋಗುವುದು ಸುಲಭ. ವಾಟರ್‌ಲೂ, ವಾಕ್ಸ್‌ಹಾಲ್, ಕ್ಲಾಪಮ್ ಜಂಕ್ಷನ್, ವಿಂಬಲ್ಡನ್, ಯಾವುದಾದರೂ ಒಂದು ಸ್ಟೇಷನ್ನಿನಲ್ಲಿ ಸೌತ್ ವೆಸ್ಟರ್ನ್ ರೈಲು ಹತ್ತಿ. ಬ್ಯಾಂಕ್ ಕಾರ್ಡು ತಟ್ಟಿದರೆ ಸಾಕು, ಟಿಕೆಟ್ ಬೇಕಿಲ್ಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ನೋಡಲು ಹೊಸಬರೆಲ್ಲ ಹೋಗೇ ಹೋಗುತ್ತೀರಿ. ಅಲ್ಲಿಂದ ವಾಕ್ಸ್‌ಹಾಲ್ ಸ್ಟೇಷನ್ ನಡೆದುಹೋಗುವಷ್ಟು ದೂರ, ಅದೇ ದಿನ ಮಧ್ಯಾಹ್ನದ ಊಟಕ್ಕೆ ನ್ಯೂ ಮಾಲ್ಡನ್ ಮುಟ್ಟಬಹುದು. ಟೂಟಿಂಗ್ ಕಡೆ ಇರುವವರಿಗೆ 131ನೇ ನಂಬರಿನ ಬಸ್ಸಿದೆ. ಟೂಟಿಂಗ್ ಬ್ರಾಡ್‌ವೇಯಿಂದ ಕಿಂಗ್‌ಸ್ಟನ್ನಿಗೆ ಹೋಗುವ ಅದು ವಿಂಬಲ್ಡನ್, ರೇನ್ಸ್ ಪಾರ್ಕ್ ದಾಟಿ ನ್ಯೂ ಮಾಲ್ಡನ್ ಮೂಲಕವೇ ಹಾಯುತ್ತದೆ. ಭಾನುವಾರ ಹೊರಡುವುದಾದರೆ ರೈಲು ಹಳಿಯ ದುರಸ್ತಿ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ತೆರೆದಿರುತ್ತವೆ ಅನ್ನುವುದೂ ನೆನಪಿರಲಿ. ಸಂಜೆ ಏಳಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ.

ಮೊದಲು ದಿನಸಿ ಅಂಗಡಿಗೆ ಹೋಗಿ. ದೊಡ್ಡದು ಎಚ್ ಮಾರ್ಟ್. ಅಮೆರಿಕದಲ್ಲಿ ಇರುವವರಿಗೆ ಗೊತ್ತಿರುವ ಅದೇ ಸರಪಳಿ. ಹೈ ಸ್ಟ್ರೀಟಿನಲ್ಲಿ ಸಣ್ಣ ಸಣ್ಣ ಅಂಗಡಿಗಳೂ ಇವೆ. ಕಿಮ್ಚಿ ಇರುವುದು ಫ್ರಿಜ್ಜಿನ ಸಾಲಿನಲ್ಲಿ. ಹೊರಗಿನ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂರುವ ಡಬ್ಬಿ, ಬಾಟಲಿಗಳನ್ನು ಬಿಸಿ ಮಾಡಿ ಮುಚ್ಚಿರುತ್ತಾರೆ. ಅದರಲ್ಲಿ ಹುದುಗು ಸತ್ತಿರುತ್ತದೆ, ಎಲೆಯ ಕರಕರಿಕೆಯೂ ಹೋಗಿರುತ್ತದೆ.

ಫ್ರಿಜ್ಜಿನ ಮುಂದೆ ನಿಂತು ಕೊರಿಯನ್ ಅಜ್ಜಿಯರು ಹೇಗೆ ಆರಿಸುತ್ತಾರೆ ನೋಡಿ, ಕಲಿಯಬೇಕಾದದ್ದೆಲ್ಲ ಅಲ್ಲಿದೆ. ಪೊಟ್ಟಣ ಎತ್ತಿ ಮೊದಲು ತಯಾರಿಸಿದ ತಾರೀಖು ಓದುತ್ತಾರೆ. ಆಮೇಲೆ ಓರೆ ಮಾಡಿ ಕೆಂಪು ರಸ ಎಷ್ಟಿದೆ, ಎಲೆಯ ಬಿಳಿ ದಂಟು ಇನ್ನೂ ಬೆಳ್ಳಗಿದೆಯೇ ಅಥವಾ ಗಾಜಿನಂತೆ ತಿಳಿಯಾಗಿದೆಯೇ ಅಂತ ನೋಡುತ್ತಾರೆ. ಕೊನೆಗೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಬೆಳ್ಳಗಿದ್ದರೆ ಹೊಸದು, ತಿಳಿಯಾಗಿದ್ದರೆ ಹುಳಿ ಬಂದಿದೆ. ಪೊಟ್ಟಣ ಬಲೂನಿನಂತೆ ಊದಿದ್ದರೆ ಹೆದರಬೇಡಿ, ಒಳಗೆ ಹುದುಗುತ್ತಿದೆ ಅಂತ ಅರ್ಥ. ಮನೆಯಲ್ಲಿ ಸಿಂಕಿನ ಮೇಲೆ ಹಿಡಿದು ಬಿಚ್ಚಿ, ಇಲ್ಲದಿದ್ದರೆ ಬಾಡಿಗೆ ಮನೆಯ ಬಿಳಿ ಗೋಡೆಗೆ ಕೆಂಪು ಚಿಮ್ಮುತ್ತದೆ. ಹಾಗೇ ಅನ್ನದ ಜೊತೆ ತಿನ್ನಲು ಹೊಸದು ಬೇಕು. ಚೆನ್ನಾಗಿ ಹುಳಿ ಬಂದದ್ದನ್ನು ಕಿಮ್ಚಿ ಜಿಗೆ ಎಂಬ ಸಾರಿಗೂ ಕಿಮ್ಚಿ ಹಾಕಿ ಹುರಿದ ಅನ್ನಕ್ಕೂ ಇಟ್ಟುಕೊಳ್ಳಿ. ಹೊಸ ಕಿಮ್ಚಿ ಹಾಕಿ ಸಾರು ಮಾಡಿದರೆ ಸಪ್ಪೆಯಾಗುತ್ತದೆ.

ಎಲೆಕೋಸಿನದ್ದೇ ತರಬೇಕೆಂದಿಲ್ಲ. ಮೂಲಂಗಿಯನ್ನು ಚೌಕ ಚೌಕ ಕತ್ತರಿಸಿ ಮಾಡಿದ ಕ್ಕಾಕ್ತುಗಿ ನಮ್ಮವರ ಬಾಯಿಗೆ ಬೇಗ ಒಗ್ಗುತ್ತದೆ, ಮೊಸರನ್ನದ ಪಕ್ಕಕ್ಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಸೌತೆಕಾಯಿ ಸೀಳಿ ಮಸಾಲೆ ತುಂಬಿದ್ದು ಬೇಸಿಗೆಯಲ್ಲಿ ಸಿಗುತ್ತದೆ. ಖಾರ ಬೇಡವೆಂದರೆ ಮೆಣಸಿನಪುಡಿಯೇ ಇಲ್ಲದ ಬಿಳಿ ಕಿಮ್ಚಿ ಇದೆ, ಮಕ್ಕಳಿಗೆ ಅದು ಸರಿ.

ಸಸ್ಯಾಹಾರಿಗಳು ಈ ಭಾಗವನ್ನು ನಿಧಾನವಾಗಿ ಓದಿ. ಎಲೆಕೋಸು, ಮೂಲಂಗಿ, ಮೆಣಸಿನಪುಡಿ ಕಣ್ಣಿಗೆ ಕಂಡರೂ ಕಿಮ್ಚಿ ಸಾಮಾನ್ಯವಾಗಿ ಸಸ್ಯಾಹಾರವಲ್ಲ. ಅದರಲ್ಲಿ ಎರಡು ಪದಾರ್ಥ ಇರುತ್ತವೆ: ಸೆಉಜೊತ್ ಅಂದರೆ ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿ, ಎಕ್‌ಜೊತ್ ಅಂದರೆ ಆಂಚೊವಿಯಂಥ ಸಣ್ಣ ಮೀನು ಕೊಳೆಸಿ ಸೋಸಿದ ರಸ. ಎಷ್ಟೋ ಮನೆಯವರು ಇದು ಗೊತ್ತಿಲ್ಲದೆ ತಿಂದು, ಆಮೇಲೆ ತಿಳಿದು ನೊಂದುಕೊಂಡಿದ್ದಾರೆ. ಇಲ್ಲಿನ ಕಾನೂನು ನಿಮ್ಮ ನೆರವಿಗಿದೆ. ಪೊಟ್ಟಣದ ಮೇಲೆ ಅಂಟಿಸಿದ ಇಂಗ್ಲಿಷ್ ಚೀಟಿಯಲ್ಲಿ ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಎದ್ದು ಕಾಣುವಂತೆ, ಹೆಚ್ಚಾಗಿ ದಪ್ಪ ಅಕ್ಷರದಲ್ಲಿ, ಮುದ್ರಿಸಲೇಬೇಕು. ಫಿಶ್ (ಮೀನು), ಕ್ರಸ್ಟೇಶಿಯನ್ಸ್ (ಸೀಗಡಿ, ಏಡಿ), ಮೊಲಸ್ಕ್ಸ್ (ಚಿಪ್ಪು ಮೀನು) ಎಂಬ ಮೂರು ಪದಗಳನ್ನು ಅದರಲ್ಲಿ ಹುಡುಕಿ. 2021ರ ಅಕ್ಟೋಬರಿನಿಂದ ಅಂಗಡಿಯವರೇ ತಮ್ಮಲ್ಲಿ ಮಾಡಿ ಡಬ್ಬಿಗೆ ತುಂಬಿಟ್ಟ ಕಿಮ್ಚಿಗೂ ಪೂರ್ತಿ ಪದಾರ್ಥಪಟ್ಟಿ ಹಾಕಬೇಕೆಂಬ ನಿಯಮ ಬಂದಿದೆ. ಹೋಟೆಲಿನಲ್ಲೂ ಅಲರ್ಜಿಯ ಮಾಹಿತಿ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ಜೊಂಗ್ಗಾ, ಬಿಬಿಗೋ ಮುಂತಾದ ದೊಡ್ಡ ಕಂಪನಿಗಳು ಈಗ ವೀಗನ್ (ಪ್ರಾಣಿಮೂಲದ್ದು ಏನೂ ಇಲ್ಲದ) ಕಿಮ್ಚಿ ಅಂತಲೇ ಬೇರೆ ಪೊಟ್ಟಣ ತರುತ್ತಿವೆ. ಅದೇ ಕಂಪನಿಯ ಮಾಮೂಲಿ ಪೊಟ್ಟಣವೂ ಪಕ್ಕದಲ್ಲೇ ಇರುತ್ತದೆ, ಬಣ್ಣ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಪ್ರತಿ ಸಲವೂ ಚೀಟಿ ಓದಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಅಂಗಡಿಯ ಕಿಮ್ಚಿ ಯಾವುದೂ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಕೊರಿಯಾದ ಬೌದ್ಧ ಮಠಗಳಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಮುಟ್ಟದ ಅಡುಗೆ ಸಂಪ್ರದಾಯವೇ ಇದೆ, ಕಿಮ್ಚಿಯನ್ನೂ ಹಾಗೇ ಮಾಡುತ್ತಾರೆ. ಆ ಕ್ರಮದಲ್ಲಿ ಮನೆಯಲ್ಲಿ ಹಾಕಿಕೊಳ್ಳಬಹುದು. ಬಗೆ ಮುಂದೆ ಹೇಳುತ್ತೇನೆ.

ಇನ್ನು ಹೋಟೆಲು. ಬರ್ಲಿಂಗ್ಟನ್ ರೋಡಿನ ಜಿನ್ ಗೋ ಗೇ ಹಳೆಯ ಹೆಸರು, ಮೇಜಿನ ಮೇಲೇ ಕೆಂಡದಲ್ಲಿ ಮಾಂಸ ಸುಟ್ಟುಕೊಂಡು ತಿನ್ನುವವರು ಅಲ್ಲಿಗೆ ಹೋಗುತ್ತಾರೆ. ಹೈ ಸ್ಟ್ರೀಟಿನಲ್ಲಿ ಸಣ್ಣ ಹೋಟೆಲುಗಳು ಸಾಲಾಗಿವೆ, ಹೆಸರು ಬದಲಾಗುತ್ತಲೂ ಇರುತ್ತವೆ. ನನ್ನ ಸಲಹೆ ಇಷ್ಟೇ: ಮಧ್ಯಾಹ್ನ ಹನ್ನೆರಡೂವರೆಗೆ ಒಳಗೆ ಕೊರಿಯನ್ ಮುದುಕರು, ಮಕ್ಕಳೊಂದಿಗರು ಕೂತಿರುವ ಕಡೆ ಹೋಗಿ. ಕೂತ ಕೂಡಲೇ ಪುಟ್ಟ ತಟ್ಟೆಗಳಲ್ಲಿ ಬಾಂಚಾನ್ ಬರುತ್ತದೆ: ಕಿಮ್ಚಿ, ಒಗ್ಗರಣೆಯಿಲ್ಲದೆ ಎಳ್ಳೆಣ್ಣೆ ಕಲಸಿದ ಹುರುಳಿ ಮೊಳಕೆಯಂಥ ಮೊಳಕೆಕಾಳು, ಪಾಲಕ್, ಆಲೂಗಡ್ಡೆ. ಅನೇಕ ಕಡೆ ಇದಕ್ಕೆ ಬೇರೆ ದುಡ್ಡಿಲ್ಲ, ಮುಗಿದರೆ ಮತ್ತೆ ಹಾಕುತ್ತಾರೆ. ಆದರೆ ಸೆಂಟ್ರಲ್ ಲಂಡನ್ನಿನಲ್ಲಿ ಬಿಲ್ಲಿಗೆ ಸೇರಿಸುವವರಿದ್ದಾರೆ, ಮೆನು ನೋಡಿಕೊಳ್ಳಿ. ಚಮಚ, ಚಾಪ್‌ಸ್ಟಿಕ್ ಕಾಣದಿದ್ದರೆ ಮೇಜಿನ ಪಕ್ಕದ ಡ್ರಾಯರ್ ಎಳೆಯಿರಿ. ಅನ್ನವನ್ನು ಚಮಚದಲ್ಲೇ ತಿನ್ನುವುದು ಅವರ ರೂಢಿ. ಜೊತೆಯಲ್ಲಿ ಹಿರಿಯರಿದ್ದರೆ ಅವರು ಚಮಚ ಎತ್ತಿದ ಮೇಲೆ ಉಳಿದವರು ಶುರು ಮಾಡುತ್ತಾರೆ. ಈ ಮರ್ಯಾದೆ ನಮಗೇನು ಹೊಸದಲ್ಲ.

ಮಾಂಸ ತಿನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಬುಲ್ಗೋಗಿ (ಮಸಾಲೆಯಲ್ಲಿ ನೆನೆಸಿದ ತೆಳು ಹೋಳು), ಗಾಲ್ಬಿ (ಪಕ್ಕೆಲುಬು) ಬಹುತೇಕ ದನದ ಮಾಂಸ, ಸಮ್‌ಗ್ಯೊಪ್ಸಲ್ (ಹೊಟ್ಟೆಯ ಭಾಗ) ಹಂದಿಯದು. ಇವೆರಡೂ ಬೇಡದವರು ಕೋಳಿ ಇದೆಯೇ ಅಂತ ಕೇಳಿ, ಕೊರಿಯನ್ ಫ್ರೈಡ್ ಚಿಕನ್ ಪಕ್ಕದ ಮೂಲಂಗಿ ಉಪ್ಪಿನಕಾಯಿಯ ಜೊತೆ ಬಹಳ ಚೆನ್ನಾಗಿರುತ್ತದೆ.

ಸಸ್ಯಾಹಾರಿಗಳಿಗೆ ಮೊದಲ ಆಯ್ಕೆ ದೊಲ್ಸೊತ್ ಬಿಬಿಂಬಾಪ್. ಕಾದ ಕಲ್ಲಿನ ಬಟ್ಟಲಿನಲ್ಲಿ ಅನ್ನ, ಮೇಲೆ ತರಕಾರಿಗಳು, ಕೆಂಪು ಮೆಣಸಿನ ಗೊಜ್ಜು. ಮಾಂಸ ಬೇಡ, ಮೊಟ್ಟೆ ಬೇಕೋ ಬೇಡವೋ ಎರಡನ್ನೂ ಹೇಳಿ. "ಗೊಗಿ ಪ್ಪೆಗೊ" ಅಂದರೆ ಮಾಂಸ ಬಿಟ್ಟು ಕೊಡಿ ಅಂತ, ಅಷ್ಟು ಕೊರಿಯನ್ ಮಾತಾಡಿದರೆ ಅವರ ಮುಖ ಅರಳುತ್ತದೆ. ಕಲಸುವ ಮುಂಚೆ ಸ್ವಲ್ಪ ಹೊತ್ತು ತಡೆಯಿರಿ. ಬಟ್ಟಲಿನ ತಳದಲ್ಲಿ ಅನ್ನ ಚುಂಯ್ ಅನ್ನುತ್ತ ಹೊಂಬಣ್ಣಕ್ಕೆ ತಿರುಗಿ ಸೀಕಲಾಗಬೇಕು, ಕೊನೆಯಲ್ಲಿ ಅದನ್ನು ಚಮಚದಿಂದ ಕೆರೆದು ತಿನ್ನುವ ಸುಖವೇ ಬೇರೆ. ಆದರೆ ಸಾರುಗಳ ವಿಷಯದಲ್ಲಿ ಹುಷಾರು. ಸುಂದುಬು ಜಿಗೆ ಮೃದು ತೋಫುವಿನ ಸಾರು, ದೊಯೆಂಜಾಂಗ್ ಜಿಗೆ ಹುದುಗಿಸಿದ ಸೋಯಾ ಕಾಳಿನ ಗೊಜ್ಜಿನ ಸಾರು, ಎರಡೂ ಕೇಳಲು ಸಸ್ಯಾಹಾರವೇ. ಕುದಿಸುವ ನೀರು ಮಾತ್ರ ಬಹುತೇಕ ಒಣ ಆಂಚೊವಿಯದೋ ಮೂಳೆಯದೋ ಆಗಿರುತ್ತದೆ. ತೊಕ್ಪೊಕ್ಕಿ ಎಂಬ ಖಾರದ ಅಕ್ಕಿ ಕಡುಬಿನಲ್ಲಿ ಮೀನಿನ ಕೇಕು ಸೇರಿರುತ್ತದೆ. ಕಿಮ್ಚಿ ಜೊನ್ ಅನ್ನುವ ದೋಸೆಯಂಥದ್ದಕ್ಕೆ ಮಾಮೂಲಿ ಕಿಮ್ಚಿಯನ್ನೇ ಹಾಕುತ್ತಾರೆ. ಯಾವ ಅನುಮಾನವೂ ಇಲ್ಲದೆ ಕೊಳ್ಳಬಹುದಾದದ್ದು ಸಿಹಿ: ಬೆಲ್ಲದಂಥ ಪಾಕ ತುಂಬಿದ ಹೊತ್ತೊಕ್.

ಮನೆಯಲ್ಲಿ ಹಾಕುವುದು ಕಷ್ಟವಲ್ಲ. ಬಾಡಿಗೆ ಮನೆಯಲ್ಲಿ ಒಂದು ದೊಡ್ಡ ಪಾತ್ರೆ ಇದ್ದರೆ ಸಾಕು. ಕೊರಿಯಾದಲ್ಲಿ ಚಳಿಗಾಲಕ್ಕೆ ಮುಂಚೆ ನೆರೆಹೊರೆಯವರು ಸೇರಿ ಕಿಮ್ಚಿ ಹಾಕುವ ಕಿಮ್‌ಜಾಂಗ್ ಪದ್ಧತಿಯನ್ನು 2013ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಮನೆಗಳಲ್ಲಿ ಬೇಸಿಗೆಯ ಹಪ್ಪಳ ಸಂಡಿಗೆಗೆ ಅಕ್ಕಪಕ್ಕದವರು ಕೈಜೋಡಿಸುತ್ತಿದ್ದ ಹಾಗೆಯೇ ಅದು. ನೀವೂ ಇಬ್ಬರು ಮೂವರು ಸೇರಿ ಮಾಡಿ.

ಎರಡು ಕಿಲೋ ಚೈನೀಸ್ ಲೀಫ್ (ಉದ್ದನೆಯ ಚೀನೀ ಎಲೆಕೋಸು) ತನ್ನಿ, ಕೊರಿಯನ್ ಅಂಗಡಿಯ ಎಲೆಕೋಸು ದಪ್ಪನೆಯದು, ಚೆನ್ನಾಗಿ ಬರುತ್ತದೆ. ಕತ್ತರಿಸಿ, 200 ಗ್ರಾಂ ಕಲ್ಲುಪ್ಪು ಉಜ್ಜಿ, ಸ್ವಲ್ಪ ನೀರು ಚಿಮುಕಿಸಿ ಮೂರು ಗಂಟೆ ಬಿಡಿ, ಮಧ್ಯೆ ಎರಡು ಸಲ ತಿರುವಿ ಹಾಕಿ. ದಂಟು ಮುರಿಯದೆ ಬಾಗಿದರೆ ಆಯಿತು. ಮೂರು ಸಲ ತೊಳೆದು, ಬುಟ್ಟಿಯಲ್ಲಿ ಸೋರಲು ಬಿಡಿ. ಒಣ ಅಣಬೆ, ದಾಶಿಮಾ ಎಂಬ ಒಣಗಿದ ಕಡಲ ಎಲೆ ಹಾಕಿ ನೀರು ಕುದಿಸಿ ಸೋಸಿ, ಅದರ ಎರಡು ಲೋಟಕ್ಕೆ ಎರಡು ದೊಡ್ಡ ಚಮಚ ಅಕ್ಕಿಹಿಟ್ಟು ಕದಡಿ ಗಂಜಿ ಕಾಯಿಸಿ ಆರಿಸಿ. ಮೀನಿನ ರಸದ ಬದಲಿಗೆ ಸೋಯಾ ಸಾಸ್ ನಾಲ್ಕು ಚಮಚ. ಶುಂಠಿ, ತುರಿದ ಸೇಬು, ಎಳೆ ಎಳೆಯಾಗಿ ಹೆಚ್ಚಿದ ಮೂಲಂಗಿ, ತಿನ್ನುವವರಾದರೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಕೊನೆಗೆ 100 ಗ್ರಾಂ ಗೊಚುಗಾರು.

ಗೊಚುಗಾರು ಅಂದರೆ ತರಿತರಿಯಾದ ಕೊರಿಯನ್ ಮೆಣಸಿನಪುಡಿ. ಬಣ್ಣ ಗಾಢ, ಖಾರ ಸೌಮ್ಯ, ಹಿನ್ನೆಲೆಯಲ್ಲಿ ಸಣ್ಣ ಸಿಹಿ. ಅದು ಸಿಗದಿದ್ದಾಗ ಬೀಜ ತೆಗೆದ ಬ್ಯಾಡಗಿಯನ್ನು ತರಿತರಿಯಾಗಿ ಪುಡಿ ಮಾಡಿ ಹಾಕಿದ್ದೇನೆ, ಬಣ್ಣವೂ ಖಾರವೂ ಹತ್ತಿರ ಬರುತ್ತವೆ. ಗುಂಟೂರು ಪುಡಿಯನ್ನು ಮಾತ್ರ ಇಷ್ಟು ಪ್ರಮಾಣದಲ್ಲಿ ಹಾಕಬೇಡಿ, ಬಾಯಿಗಿಡಲು ಆಗುವುದಿಲ್ಲ. ಕೈಗವಸು ಹಾಕಿಕೊಂಡು ಎಲ್ಲ ಕಲಸಿ, ಡಬ್ಬಿಯಲ್ಲಿ ಗಾಳಿ ಉಳಿಯದಂತೆ ಒತ್ತಿ ತುಂಬಿ, ಮೇಲೆ ಎರಡು ಬೆರಳಷ್ಟು ಜಾಗ ಬಿಡಿ. ಇಲ್ಲಿನ ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ಮೂರು ದಿನ ಹೊರಗಿಟ್ಟು, ಗುಳ್ಳೆ ಕಂಡ ಮೇಲೆ ಫ್ರಿಜ್ಜಿಗೆ ಸೇರಿಸಿ.

ಮನೆ ಹಂಚಿಕೊಂಡಿರುವವರು ವಾಸನೆಯ ವಿಷಯ ಮೊದಲೇ ಜೊತೆಯವರಿಗೆ ಹೇಳಿಬಿಡಿ. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ನಾಲ್ಕು ಕಡೆ ಕ್ಲಿಪ್ಪಿರುವ ಡಬ್ಬಿ, ಇಷ್ಟಿದ್ದರೆ ಹಾಲು ಬೆಣ್ಣೆಗೆ ವಾಸನೆ ಹತ್ತುವುದಿಲ್ಲ. ಕಿಮ್ಚಿಗೆಂದೇ ಮಾಡಿದ, ಒಳಮುಚ್ಚಳ ಒತ್ತುವ ಕಂದು ಡಬ್ಬಿಗಳು ಕೊರಿಯನ್ ಅಂಗಡಿಗಳ ಪಾತ್ರೆ ಸಾಲಿನಲ್ಲಿ ಸಿಗುತ್ತವೆ, ಸಿಕ್ಕಿದರೆ ಒಂದನ್ನು ತಂದಿಟ್ಟುಕೊಳ್ಳಿ. ವಾಪಸಾಗುವಾಗ ಆ 131ನೇ ಬಸ್ಸನ್ನೇ ಹಿಡಿದರೆ ಟೂಟಿಂಗಿನಲ್ಲಿ ಇಳಿದು ಕರಿಬೇವು, ಬ್ಯಾಡಗಿ, ಉದ್ದಿನಬೇಳೆಯನ್ನೂ ಅದೇ ಚೀಲಕ್ಕೆ ತುಂಬಿಕೊಳ್ಳಬಹುದು.